ಭರತದ ಹೊತ್ತಿಗೆ ವಾಪಸ್ ಬಂದವಳು

ಕಥೆ ಮುಂದೆ ಹೋಗದಿದ್ದರೆ ಪಾತ್ರವನ್ನು ಎದುರು ಕೂರಿಸಿ ಮಾತಾಡಿಸಿ, ಘಟನೆಗಳನ್ನು ಬರೆದಿಟ್ಟ ಚೀಟಿ ಎತ್ತಿ ನೋಡಿ ಎಂದೆಲ್ಲ ಕಾರವಾರದ ಕಮ್ಮಟವೊಂದರಲ್ಲಿ ಹೇಳಿಕೊಟ್ಟಿದ್ದರು. ಅದನ್ನೆಲ್ಲ ಮಾಡಿ ತಲೆ ಕೆಟ್ಟಿತ್ತು. ನನ್ನ ಕಥೆಯ ಹೆಂಗಸು ಬೆಳಿಗ್ಗೆ ಗಂಡನ ಮನೆ ಬಿಟ್ಟು ಹೋಗುತ್ತಾಳೆ, ಸಂಜೆಯೊಳಗೆ ತಿರುಗಿ ಬರಬೇಕು. ಯಾಕೆ ಬರುತ್ತಾಳೆ ಎಂಬುದೇ ಹೊಳೆಯುತ್ತಿರಲಿಲ್ಲ. ನನಗೆ ಫಲಿಸುವ ಉಪಾಯ ಒಂದೇ. ಕಥೆಯೆಂದು ಹೇಳದೆ ಊರ ಸುದ್ದಿಯ ಹಾಗೆ ಯಾರ ಮುಂದಾದರೂ ಹೇಳಿಬಿಡುವುದು. ಸುದ್ದಿಯಾದರೆ ಜನ ತಾವಾಗಿಯೇ ಕಾರಣ ಹುಡುಕಿ ಕೊಡುತ್ತಾರೆ.

ಭಾವಿಕೇರಿಯ ತವರಿಗೆ ಹೋದಾಗ ಅಮ್ಮ ಈಳಿಗೆಮಣೆಯ ಮೇಲೆ ಕೂತು ಹೊಳೆಯ ಬಳಚಿನ ಚಿಪ್ಪು ಒಡೆಯುತ್ತಿದ್ದಳು. “ನಮ್ಮ ಹಬ್ಬುವಾಡದಲ್ಲಿ ಮನೆ ಬಿಟ್ಟು ಹೋದವಳೊಬ್ಬಳು ಸಂಜೆಗೆ ವಾಪಸ್ ಬಂದಳಂತೆ. ಯಾಕಿರಬಹುದು?” ಎಂದೆ.

ಅಮ್ಮ ತಲೆ ಎತ್ತಲಿಲ್ಲ. “ಗಜನಿ ಗದ್ದೆಯ ಬಾಗಿಲಿಗೆ ಹಲಗೆ ಹಾಕ್ಲಿಕ್ಕೆ ಮರ್ತಿದ್ದಳು. ಅಂಕೋಲೆ ಬಸ್‌ಸ್ಟ್ಯಾಂಡಲ್ಲಿ ಕೂತಾಗ ನೆನಪಾಯ್ತು. ಭರತದ ಹೊತ್ತು, ಸಮುದ್ರ ಉಕ್ಕಿ ಹೊಳೆ ಏರ್ತಿತ್ತು. ಉಪ್ಪುನೀರು ನುಗ್ಗಿದ್ರೆ ಸಸಿಯೆಲ್ಲ ಸುಟ್ಟುಹೋಗ್ತಿತ್ತು.”

ನಾನಿರುವ ಹಬ್ಬುವಾಡ ಪೇಟೆ. ನಮ್ಮ ಓಣಿಯಲ್ಲಿ ಹೊಳೆದಂಡೆಯ ಗಜನಿಯೂ ಇಲ್ಲ, ಉಪ್ಪುನೀರು ತಡೆಯುವ ಹಲಗೆಯೂ ಇಲ್ಲ. ಹಲಗೆ ಇಳಿಸುವುದು ಈ ಮನೆಯಲ್ಲಿ ಮೊದಲಿನಿಂದಲೂ ಅಮ್ಮನ ಕೆಲಸ.

“ಅವಳಿಗೆ ಮಗು ಇತ್ತಾ?” ಎಂದು ಕೇಳಿದೆ.

“ಇತ್ತು. ತೊಟ್ಟಿಲಲ್ಲಿ ಬಿಟ್ಟು ಹೋಗಿದ್ದಳು. ಮಗು ನೋಡ್ಲಿಕ್ಕೆ ಅತ್ತೆ ಇದ್ದಳು,” ಅಮ್ಮ ಮತ್ತೊಂದು ಬಳಚು ಒಡೆದಳು. “ಹಲಗೆ ಹಾಕ್ಲಿಕ್ಕೆ ಯಾರಿದ್ರು?”

ಅಮ್ಮ ಹೆತ್ತದ್ದು ನನ್ನೊಬ್ಬಳನ್ನೇ.