ಶಿರಾದಲ್ಲಿ ಸುಣ್ಣ ಹೊಡೆಯುವ ದಿನ

ಕಡಲಾಚೆಯ ಪೆನಾಂಗಿನಿಂದ ಬಂದ ಗೆಳೆಯ ಯೂಸುಫನಿಗೆ ತಾತನ ಗೋರಿ ನೋಡುವ ಆಸೆ. ಬ್ರಿಟಿಷರ ಕಾಲದ ಹಡಗಿನ ಕಾಗದದಲ್ಲಿ ಇದ್ದದ್ದು ಅವನ ಅಪ್ಪನ ಹೆಸರು ಖಾದರ್, ಊರು ಶಿರಾ ಎಂದಷ್ಟೇ. ಇಲ್ಲಿನ ಖಬರಸ್ತಾನದ ಗೋರಿಗಳ ಮೇಲೆ ಹೆಸರೇ ಇಲ್ಲ. ತೀರಿಹೋದವರಿಗಾಗಿ ಪ್ರಾರ್ಥಿಸುವ ಶಬೇಬರಾತ್ ಹತ್ತಿರವಾದ್ದರಿಂದ ಆಯಾ ಮನೆಯವರು ತಮ್ಮ ತಮ್ಮ ಗೋರಿಗಳಿಗೆ ಸುಣ್ಣ ಹೊಡೆಯುತ್ತಿದ್ದರು. ಒಂದು ತುದಿಯಿಂದ ಕ್ರಮವಾಗಿ ಎಲ್ಲರನ್ನೂ ಇದು ಯಾರ ಗೋರಿ ಎಂದು ಕೇಳುತ್ತ ಬಂದೆವು.

ಮೂಲೆಯಲ್ಲಿದ್ದ ಮುದುಕರೊಬ್ಬರು ಕೈ ನಿಲ್ಲಿಸದೆ ಹೇಳಿದರು: "ಇದು ನಮ್ ದೊಡ್ಡಪ್ಪಂದು ಸ್ವಾಮಿ. ಒಬ್ನೇ ಮಗ ಖಾದರ್, ಬೇವಕೂಫ್, ಪೆನಾಂಗಿಗೆ ಓಡೋದ."

"ಆ ಬೇವಕೂಫನ ಮಗ ನಾನೇ," ಎಂದ ಯೂಸುಫ್, ಅಪ್ಪ ಕಲಿಸಿದ ಕನ್ನಡದಲ್ಲಿ.

ಮುದುಕರು ಅವನ ಮುಖ ದಿಟ್ಟಿಸಿ, "ಅದೇ ಮೂಗು!" ಎಂದು ನಗುತ್ತ ತಬ್ಬಿಕೊಂಡರು. ಆಮೇಲೆ ಕುಂಚವನ್ನು ಅವನ ಕೈಗೆ ತುರುಕಿದರು.

"ಸುಮ್ನೆ ನಿಂತ್ರೆ ಹೆಂಗ್ಲಾ? ನಿಮ್ಮಪ್ಪನ ಪಾಲಿಂದೂ ಇಷ್ಟು ವರ್ಷ ನಾನೇ ಹೊಡ್ದಿದೀನಿ. ಹೊಡಿ ಈಗ!"