ತಲೆಯ ಮೇಲಿನ ಆಣೆ, ಬುಟ್ಟಿಯಲ್ಲಿ ಶೇಂಗಾ

ಮಕ್ಕಳೇ, ಆಗ ನಿಪ್ಪಾಣಿ ಕಡೆಯ ನಮ್ಮೂರಲ್ಲಿ ಸಂಜೆಗೆ ಅದರದೇ ಒಂದು ವಾಸನೆ ಇತ್ತು. ಒಲೆಯ ಮೇಲಿನ ಜೋಳದ ರೊಟ್ಟಿಯದು, ಅದರೊಳಗೆ ಬೆರೆತ ತಂಬಾಕಿನದು. ಹೆಂಗಸರೆಲ್ಲ ಮೊರ ಹಿಡಿದು ಕಟ್ಟೆಯ ಮೇಲೆ ಬೀಡಿ ಕಟ್ಟುತ್ತಿದ್ದರು. ನಮ್ಮವ್ವನೂ ಕಟ್ಟುತ್ತಿದ್ದಳು. ಅಪ್ಪ ಸೇದುತ್ತಿದ್ದ. ಕೈ ಚಾಚಿದರೆ ಮನೆಯಲ್ಲೇ ಸಿಗುತ್ತಿತ್ತಲ್ಲ.

ಅಪ್ಪನದು ತುಂಬಿದ ಕಂಠ. ಶನಿವಾರ ಹಣಮಪ್ಪನ ಗುಡಿಯ ಭಜನೆಗೆ ಅವನೇ ಮುಂದಾಳು. ತಂಬಾಕು ಕೊಯ್ಲಿನ ಒಂದು ಚಳಿಗಾಲ, ಹಾಡಿನ ನಡುವೆ ಕೆಮ್ಮು ಹತ್ತಿ, ತಾಳ ಕೆಳಗಿಟ್ಟು ಎದ್ದು ಬಂದ. ಬಂದವನೇ ನನ್ನ ತಲೆಯ ಮೇಲೆ ಕೈಯಿಟ್ಟ.

"ಈ ಕೂಸಿನ ತಲಿ ಮುಟ್ಟಿ ಹೇಳ್ತೀನಿ, ಇನ್ನ ಬೀಡಿ ಮುಟ್ಟಂಗಿಲ್ಲ."

ತಲೆ ಮುಟ್ಟಿ ಮಾಡಿದ ಆಣೆ ಮುರಿದರೆ ಆ ತಲೆಗೇ ಕೇಡು ಎಂದು ಊರೆಲ್ಲ ನಂಬಿತ್ತು. ಹೀಗಾಗಿ, ಕೆಲವೇ ದಿನಕ್ಕೆ ಅಪ್ಪ ಜೋಳದ ದಂಟಿನ ಕಣಕಿ ಬಣವೆಯ ಹಿಂದೆ ಬೀಡಿ ಹಚ್ಚಿದ್ದನ್ನು ಕಂಡಾಗ ಎರಡೂ ಕೈಯಿಂದ ತಲೆ ಹಿಡಿದುಕೊಂಡು ಮನೆಗೆ ಓಡಿದೆ. ಯಾರಿಗೂ ಹೇಳಲಿಲ್ಲ. ಕುಂಟಾಟಕ್ಕೂ ಹೋಗಲಿಲ್ಲ. ಬೆಲ್ಲ ಸುತ್ತಿದ ರೊಟ್ಟಿಯನ್ನೂ ಹಾಗೇ ಬಿಟ್ಟೆ.

"ಯಾಕ ತಂಗೆವ್ವ, ಹೊಟ್ಟಿ ನೋಯ್ತೈತೇನ?" ಅವ್ವ ಕೇಳಿದಳು.

"ಅವ್ವಾ, ನಾ ಸಾಯ್ತೀನೇನ ಬೇ?"

ಅಳುತ್ತ ಎಲ್ಲ ಹೇಳಿಬಿಟ್ಟೆ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಅಪ್ಪ ತಲೆ ತಗ್ಗಿಸಿದ.

"ಅಂಜಿಕಿ ಇದ್ರರೆ ಬಿಟ್ಟೇನು ಅಂತ ಆಣಿ ಮಾಡಿದ್ನಿ," ಅಂದ. "ಅಂಜಿಕಿ ಆದಾಗನ ಮತ್ತ ಸೇದಬೇಕು ಅನಸ್ತೈತಿ."

"ನಿಮ್ಮ ಚಟಾ ಕೂಸಿನ ತಲಿ ಮ್ಯಾಲ ಯಾಕ ಹೊರಸ್ತೀರಿ?"

ಅವ್ವ ದೃಷ್ಟಿ ತೆಗೆಯುವಂತೆ ನನಗೆ ಉಪ್ಪು ನಿವಾಳಿಸಿ ಒಲೆಗೆ ಹಾಕಿದಳು. ಉಪ್ಪು ಚಟಪಟ ಸಿಡಿಯಿತು. "ಆಣಿ ಇಳೀತು. ಉಣ್ಣು ಇನ್ನ," ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿ, ಜ್ವರ ಬಂದವರನ್ನು ವಿಚಾರಿಸುವ ದನಿಯಲ್ಲಿ, "ಯಾವಾಗ ಭಾಳ ಆಶಾ ಆಗತೈತ್ರಿ?" ಎಂದು ಕೇಳಿದಳು.

"ಉಂಡ ಕೂಡ್ಲೆ. ಕೈ ಸುಮ್ಮ ಕೂಡಂಗಿಲ್ಲ."

ಅಂದಿನಿಂದ ಅವ್ವ ತನ್ನ ಬೀಡಿಯ ಮೊರವನ್ನು ನೆರೆಮನೆಯ ಕಟ್ಟೆಗೆ ಒಯ್ದಳು. ಊಟವಾದೊಡನೆ ಅಪ್ಪನ ಮುಂದೆ ಸಿಪ್ಪೆ ಶೇಂಗಾದ ಬುಟ್ಟಿ ಬಂತು, ಪಕ್ಕದಲ್ಲಿ ನಾನು. ಇಬ್ಬರೂ ಬಿಡಿಸುತ್ತಿದ್ದೆವು, ಬುಟ್ಟಿಗಿಂತ ಬಾಯಿಗೇ ಹೆಚ್ಚು. ಅಪ್ಪನಿಗೆ ಬೀಡಿ ಕೊಡುತ್ತಿದ್ದ ನೆರೆಮನೆಯ ಬಾಳು ಕಾಕಾ ಒಂದು ದಿನ ಇಣುಕಿ ನೋಡಿದ.

"ಏನಲೇ, ಹೆಣ್ಣಮಕ್ಕಳ ಕೆಲಸಕ್ಕ ಕುಂತಿ?"

"ಕೈ ಖಾಲಿ ಇದ್ರ ನಿನ್ನ ಕಿಸೇದಾಗ ಬರ್ತಾವೋ ಮಾರಾಯಾ," ಎಂದ ಅಪ್ಪ. ಕಾಕಾ ನಗುತ್ತ ತಾನೂ ಒಂದು ಹಿಡಿ ಶೇಂಗಾ ತೆಗೆದುಕೊಂಡು ಕೂತ.

ನಡುವೆ ಒಮ್ಮೆ ತಪ್ಪಿತು. ಆದರೆ ಈ ಸಲ ಅಪ್ಪ ಬಣವೆಯ ಹಿಂದೆ ಅಡಗಲಿಲ್ಲ. "ತಂಗೆವ್ವ, ಇವತ್ತ ಒಂದ ಸೇದಿನವ್ವಾ," ಎಂದು ತಾನೇ ಬಂದು ಹೇಳಿದ. ನಾನು ತಲೆ ಮುಟ್ಟಿ ನೋಡಿಕೊಂಡೆ. ಏನೂ ಆಗಿರಲಿಲ್ಲ.

"ಆತು, ಬರ್ರಿ. ಶೇಂಗಾ ಅದಾವ," ಎಂದಳು ಅವ್ವ.

ಯುಗಾದಿಯ ಹೊತ್ತಿಗೆ ಅಪ್ಪ ಮತ್ತೆ ತಾಳ ಹಿಡಿದ. ಒಂದೆರಡು ಸಲ ಕೆಮ್ಮಿದ. ಆದರೂ ಹಾಡನ್ನು ಕೊನೆಯ ಸಾಲಿನವರೆಗೂ ಹಾಡಿದ. ನಾನು ಅವ್ವನ ಸೆರಗು ಬಿಟ್ಟು ಚಪ್ಪಾಳೆ ತಟ್ಟಿದೆ.

ಆ ಕಂಠ ಈಗಿಲ್ಲ. ಅವ್ವನೂ ಇಲ್ಲ. ಉಂಡ ಮೇಲೆ ಒಂದೇ ಬುಟ್ಟಿಯ ಸುತ್ತ ಕೂಡುವ ರೂಢಿಯೂ ಹೋಯಿತು. ಶೇಂಗಾ ಅಂಗಡಿಯಲ್ಲಿ ಬಿಡಿಸಿಟ್ಟದ್ದೇ ಸಿಗುತ್ತದೆ. ನಿಮ್ಮಲ್ಲೊಬ್ಬರ ಅಂಗಿಯಿಂದ ಮೊನ್ನೆ ಸಿಗರೇಟಿನ ವಾಸನೆ ಬಂತು. ಯಾರೆಂದು ನಾನು ಕೇಳುವುದಿಲ್ಲ, ಆಣೆಯನ್ನೂ ಮಾಡಿಸುವುದಿಲ್ಲ. ನಾನಿನ್ನೂ ಸಿಪ್ಪೆಯ ಶೇಂಗಾವನ್ನೇ ತರಿಸುತ್ತೇನೆ. ನೀನು ಯಾರೇ ಆಗಿರು, ಉಂಡ ಕೂಡಲೇ ಬಂದು ನನ್ನ ಪಕ್ಕ ಕೂಡು, ಸಾಕು.