ದೊಡ್ಡಪ್ಪ ಒಪ್ಪಿಸಿ ಬಂದ ತುಪಾಕಿ

ದೊಡ್ಡಪ್ಪನ ಅಂಗಿಗಳೆಲ್ಲ ಬಲಭುಜದ ಮೇಲೆ ಮಾತ್ರ ಸವೆದು ಹರಿದಿರುತ್ತಿದ್ದವು. ಎಡಗಡೆ ಹೊಸದಿದ್ದಂಗೆ ಗಟ್ಟಿ. ನಲವತ್ತು ವರ್ಷ ತುಪಾಕಿಯ ಪಟ್ಟಿ ಉಜ್ಜಿ ಉಜ್ಜಿ ಆ ಭುಜವೇ ಒಂದಿಷ್ಟು ಇಳಿದುಹೋಗಿತ್ತು.

ಸ್ವಂತ ದೊಡ್ಡಪ್ಪನೇನಲ್ಲ. ಕ್ಯಾಸಂಬಳ್ಳಿ ಕಡೆ ನಮ್ಮ ಹೊಲಕ್ಕೆ ಅಂಟಿದ ಹೊಲದವನು. ಹಂದಿ ಓಡಿಸಲು ಸರ್ಕಾರ ಕೊಟ್ಟ ಲೈಸೆನ್ಸು, ಒಂಟಿ ನಳಿಗೆಯ ತುಪಾಕಿ. ರಾಬರ್ಟ್‌ಸನ್‌ಪೇಟೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇರುವುದೇ ನನ್ನ ಗ್ರಹಚಾರವಾಯಿತು. ಅವನ ಅರ್ಜಿ ಬರೆಯುವವನೂ ನಾನೇ, ಬೈಕಿನಲ್ಲಿ ಹೊತ್ತು ತಿರುಗುವವನೂ ನಾನೇ. ಚುನಾವಣೆ ಬಂತೆಂದರೆ ತುಪಾಕಿಯನ್ನು ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಈ ದೇಶದಲ್ಲಿ ಚುನಾವಣೆಗೇನು ಬರವೇ?

ಗೋಣಿಚೀಲದಲ್ಲಿ ಸುತ್ತಿಕೋ ಎಂದು ಎಷ್ಟು ಬೇಡಿಕೊಂಡರೂ ಕೇಳುತ್ತಿರಲಿಲ್ಲ.

"ಮುಚ್ಕೊಂಡು ಓದ್ರೆ ಕಳ್ಳ ಅಂತಾರೆ ಕಣ್ಲಾ. ನಾಕ್ ಜನಕ್ಕೆ ಕಾಣಂಗೆ ಓಗ್ಬೇಕು."

ಹೆಗಲಲ್ಲಿ ತುಪಾಕಿ ತೂಗಿಸಿಕೊಂಡು ಮಾರ್ಕೆಟ್ಟಿನಲ್ಲಿ ನಿಂತು ಬದನೆಕಾಯಿಗೆ ಚೌಕಾಸಿ ಮಾಡುತ್ತಿದ್ದ. ನನಗೆ ಮಾನ ಹೋಗುತ್ತಿತ್ತು. ಬೈಕಿನಲ್ಲಿ ಹಿಂದೆ ಕೂತರೆ ರಸ್ತೆಯಲ್ಲಿ ಹಂಪು ಸಿಕ್ಕಿದಾಗಲೆಲ್ಲ ನಳಿಗೆ ನನ್ನ ಕಿವಿಗೇ ಬಡಿಯುತ್ತಿತ್ತು.

ಇದರ ಜೊತೆಗೆ ಕಾನೂನಿನ ಪಾಠ ಬೇರೆ. ಯಾವ ವಕೀಲ ಹೇಳಿಕೊಟ್ಟಿದ್ದನೋ, ಟೀ ಅಂಗಡಿಯಲ್ಲಿ ಸಿಕ್ಕವರಿಗೆಲ್ಲ ಒಪ್ಪಿಸುತ್ತಿದ್ದ: "ಪ್ರಾಣ ತೆಗಿಯಾಕೆ ಬಂದ್ರೆ ಒಡಿಬೋದು. ಸಾಮಾನು ಎತ್ಕೊಂಡು ಓದ್ರೆ ಒಡಿಯಂಗಿಲ್ಲ."

ಮೂರು ವರ್ಷದ ಹಿಂದೆ ಲೈಸೆನ್ಸಿನ ಅವಧಿ ಮುಗಿಯಿತು. ಠಾಣೆಗೆ ಹೊಸದಾಗಿ ಬಂದಿದ್ದ ಸಾಹೇಬರು ಕಡತ ತಿರುವಿ ಹಾಕಿ, "ಹಂದಿಗೆ ಡಬ್ಬ ಬಡಿದ್ರೂ ಆಗುತ್ತೆ. ಒಂದು ದೂರಿಲ್ಲ, ಒಂದು ಕೇಸಿಲ್ಲ. ನಿಮಗೆ ಯಾವ ಅಪಾಯ ಇದೆ ಅಂತ ಬರೀಲಿ?" ಎಂದರು. ಕಾರಣ ತೋರಿಸಿ, ಇಲ್ಲವೇ ತುಪಾಕಿ ಒಪ್ಪಿಸಿ ಎಂದು ವಾರದ ಗಡುವು ಕೊಟ್ಟು ಕಳಿಸಿದರು.

ಅದೇ ವಾರ, ಬೆಳಕು ಹರಿಯುವ ಹೊತ್ತಿಗೆ, ದೊಡ್ಡಪ್ಪನ ಬೋರ್‌ವೆಲ್ಲಿನ ಕೇಬಲ್ಲನ್ನು ಯಾವನೋ ಕತ್ತರಿಸುತ್ತಿದ್ದ. ದೊಡ್ಡಪ್ಪ ಇಪ್ಪತ್ತು ಹೆಜ್ಜೆ ದೂರದಲ್ಲಿದ್ದ, ತುಪಾಕಿಯಲ್ಲಿ ಮದ್ದಿತ್ತು. ಹೊಡೆಯಲಿಲ್ಲ. "ಲೇ" ಎಂದು ಕೂಗಿದನಂತೆ, ಕಳ್ಳ ಓಡಿಹೋದನಂತೆ. ಊರೆಲ್ಲ ನಕ್ಕಿತು. ನನಗೆ ಮಾತ್ರ ದೇವರೇ ದಾರಿ ತೋರಿಸಿದಂತಾಯಿತು. ಬಿಳಿ ಹಾಳೆ ತೆಗೆದು ಕೂತೆ.

"ಕಂಪ್ಲೇಂಟ್ ಬರೀತೀನಿ, ಏನಾಯ್ತು ಏಳು. ಇದೊಂದ್ ಕೊಟ್ರೆ ಲೈಸೆನ್ಸ್ ಉಳ್ಕಂತದೆ."

"ಬ್ಯಾಡ."

"ಮೊಕ ನೋಡ್ಲಿಲ್ವಾ?"

"ಕಂಪ್ಲೇಂಟ್ ಬ್ಯಾಡ ಅಂದ್ನಲ್ಲ, ಬಿಡ್ಲಾ."

ಗಡುವಿನ ದಿನ ಠಾಣೆಯಲ್ಲಿ ಸಾಹೇಬರೇ ಕೇಳಿದರು, ಕಳ್ಳತನ ಆಯ್ತಂತಲ್ಲ ಅಂತ. "ಅಂತಾದ್ದೇನಿಲ್ಲ ಸ್ವಾಮಿ" ಎಂದುಬಿಟ್ಟ. ತುಪಾಕಿ ಒಳಗೆ ಹೋಯಿತು. ಈ ಸಲ ಬಿಡಿಸಿಕೊಂಡು ಬರುವ ಮಾತಿರಲಿಲ್ಲ. ಠಾಣೆಯಿಂದ ಊರ ತನಕ ಬೈಕಿನ ಮೇಲೆ ನಾನು ಬೈದದ್ದೇ ಬೈದದ್ದು. ಮುಟ್ಠಾಳ ಎಂದೆ, ಬಾಯಲ್ಲಿ ಮಾತ್ರ ಕಾನೂನು ಎಂದೆ, ಇನ್ನು ನನ್ನ ಅಂಗಡಿ ಮೆಟ್ಟಿಲು ಹತ್ತಬೇಡ ಎಂದೆ.

ನಮ್ಮ ಮನೆ ಮುಂದೆ ಇಳಿದು, ಜೇಬಿನಿಂದ ತಂತಿ ಕತ್ತರಿಸುವ ಒಂದು ಇಕ್ಕಳ ತೆಗೆದು ನನ್ನ ಕೈಗಿಟ್ಟ. ಹಿಡಿಗೆ ನಮ್ಮಪ್ಪ ಸೈಕಲ್ ಟ್ಯೂಬು ಸುತ್ತಿದ್ದ, ನಮ್ಮ ಮನೆಯದೇ ಇಕ್ಕಳ. ಆ ದಿನಗಳಲ್ಲಿ ನನ್ನ ತಮ್ಮ ಕುಡಿತಕ್ಕೆ ಬಿದ್ದು ಮನೆಯ ಪಾತ್ರೆಗಳನ್ನೂ ಮಾರದೆ ಬಿಟ್ಟಿರಲಿಲ್ಲ.

"ಓಡ್ವಾಗ ಬೀಳಿಸ್ಕೊಂಡು ಓದ. ಕೇಬಲ್‌ಗೆ ಬಂದಿದ್ದ, ನನ್ ಮೇಲೇನೂ ಬರ್ಲಿಲ್ಲ" ಎಂದ ದೊಡ್ಡಪ್ಪ. "ಕೇಸಾದ್ರೆ ಅವನ್ ಬದುಕು ಓಯ್ತದೆ. ಒಂದ್ ಮಾತು ಏಳು ಅವ್ನಿಗೆ. ಬಡೀಬ್ಯಾಡ."

ಆಮೇಲೆ ಎರಡು ವರ್ಷ ಹಂದಿಗಳು ಅವನ ಕಡಲೆಕಾಯಿ ಹೊಲವನ್ನು ಅಗೆದು ತಿಂದವು. ತಗಡಿನ ಡಬ್ಬ ಬಡಿದುಕೊಂಡು ಓಡಿಸುತ್ತಿದ್ದ. ಎರಡನೇ ವರ್ಷ ಜೊತೆಗೆ ಇನ್ನೊಂದು ಡಬ್ಬದ ಸದ್ದೂ ಕೇಳುತ್ತಿತ್ತು. ಅದು ನನ್ನ ತಮ್ಮನದು. ಹೋದ ಯುಗಾದಿಯ ಹಿಂದಿನ ವಾರ ದೊಡ್ಡಪ್ಪ ತೀರಿಕೊಂಡ. ಚಟ್ಟಕ್ಕೆ ಮೊದಲು ಹೆಗಲು ಕೊಟ್ಟವನು ತಮ್ಮನೇ.

ನನಗೆ ದೊಡ್ಡಪ್ಪನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಠಾಣೆಯ ಬಾಗಿಲಲ್ಲೇ ಒಂದು ಮಾತು ಹೇಳಬಹುದಿತ್ತಲ್ಲ. ಅಷ್ಟು ದೂರ ನಾನು ಬಾಯಿಗೆ ಬಂದಂತೆ ಬೈಯುವಾಗ, ಇಕ್ಕಳ ಅವನ ಜೇಬಿನಲ್ಲೇ ಇತ್ತು.